ತರಕಾರಿ ಕೊರೆಯಲು ಕರೆಯದ ಮದುವೆ

ಮೊನ್ನೆ ಮಣಿಪಾಲದ ನಮ್ಮ ಅಡುಗೆಕೋಣೆಯಲ್ಲಿ ಮಟ್ಟುಗುಳ್ಳ ಕೊರೆಯುತ್ತಿದ್ದೆ. ಈ ಗುಂಡು ಬದನೆ ಕೊರೆದ ಕೂಡಲೇ ನೀರಿಗೆ ಬೀಳಬೇಕು, ಇಲ್ಲವಾದರೆ ಕಪ್ಪಾಗುತ್ತದೆ. ಹೋಳುಗಳು ನೀರಿಗೆ ಬೀಳುವಾಗ ಒಂದು ವಾಸನೆ ಏಳುತ್ತದೆ. ಹಸಿಯಾದ, ತುಸು ಒಗರಾದ ವಾಸನೆ... ನನ್ನ ಗಂಡನನ್ನು ಕೇಳಿದರೆ, “ಬದನೆಗೆ ಎಂತ ವಾಸನೆ ಮಾರಾಯ್ತಿ?” ಎನ್ನುತ್ತಾರೆ. ಅವರಿಗೆ ಇಲ್ಲದಿರಬಹುದು. ನನಗೆ ಮಾತ್ರ ಆ ವಾಸನೆ ಬಂದರೆ ಕಡಿಯಾಳಿಯ ಬಾಡಿಗೆ ಮನೆಯ ಅಂಗಳ, ಅಲ್ಲಿ ಹಾಕಿದ್ದ ಚಪ್ಪರ, ಅದರ ಕೆಳಗೆ ಚಾಪೆಯ ಮೇಲೆ ಕೂತ ಆಚೆಮನೆ ಅಕ್ಕ, ಎಲ್ಲ ಒಟ್ಟಿಗೇ ಬಂದುಬಿಡುತ್ತವೆ.

ಅಮ್ಮ ಅವರನ್ನು ಅಕ್ಕ ಎಂದು ಕರೆಯುತ್ತಿದ್ದಳು. ಅದನ್ನು ಕೇಳಿ ನಾನೂ ಅಕ್ಕ ಎಂದೆ, ಅಪ್ಪನೂ ಅಕ್ಕ ಎಂದರು. ಅವರ ಗಂಡ ಮಸ್ಕತ್ತಿನಲ್ಲಿದ್ದರು. ತವರು ಕಾಪುವಿನ ಕಡೆ, ಗುಳ್ಳ ಬೆಳೆಯುವ ಮಟ್ಟು. ದಪ್ಪ ಮೈ, ಗಟ್ಟಿ ಗಂಟಲು. ಅವರು ತಮ್ಮ ಮನೆಯ ಜಗಲಿಯಲ್ಲಿ ನಿಂತು ಮಗಳನ್ನು ಕರೆದರೆ ನಮ್ಮ ಮನೆಯಲ್ಲಿ ನಾನು “ಹ್ಞಾಂ” ಎನ್ನುತ್ತಿದ್ದೆ.

ನಾವು ಗದಗದ ಕಡೆಯವರು. ಅಪ್ಪನ ಬ್ಯಾಂಕಿನ ಕೆಲಸ ನಮ್ಮನ್ನು ಊರೂರು ಅಲೆಸಿ ಕೊನೆಗೆ ಉಡುಪಿಗೆ ತಂದು ಹಾಕಿತ್ತು. ಅಮ್ಮನಿಗೆ ಇಲ್ಲಿ ಯಾವುದೂ ಒಗ್ಗಲಿಲ್ಲ. ಕುಚ್ಚಲಕ್ಕಿ ಗಂಟಲಲ್ಲಿ ಇಳಿಯದು, ಸೆಕೆ ತಡೆಯಲಾಗದು, ಬೀದಿಯಲ್ಲಿ ಎಲ್ಲರೂ ಆಡುವ ತುಳು ಒಂದಕ್ಷರ ತಿಳಿಯದು. ಅವಳೊಡನೆ ಮಾತಾಡುವಾಗ ಮಾತ್ರ ಅವರೆಲ್ಲ ಪುಸ್ತಕದಿಂದ ಓದಿದ ಹಾಗೆ ಕನ್ನಡ ಆಡುತ್ತಿದ್ದರು. ಅದು ಮರ್ಯಾದೆಯೋ ದೂರವೋ ಎಂದು ಅವಳಿಗೆ ಗೊತ್ತಾಗುತ್ತಿರಲಿಲ್ಲ. ಹಾಗಾಗಿ ಯಾರ ಮನೆಗೂ ಹೋಗದೆ, ಯಾರಲ್ಲೂ ಒಂದು ಲೋಟ ಸಕ್ಕರೆ ಕೇಳದೆ, ತನ್ನ ಪಾಡಿಗೆ ತಾನಿದ್ದಳು. ಯಾರಿಗೂ ತ್ರಾಸು ಕೊಡದಿರುವುದೇ ದೊಡ್ಡ ಗುಣ ಎಂದು ಅವಳ ನಂಬಿಕೆ.

ಅಷ್ಟರಲ್ಲಿ ನನ್ನ ಮದುವೆ ಗೊತ್ತಾಯಿತು. ಹುಡುಗ ಕಾರ್ಕಳದವರು, ದೊಡ್ಡ ಕುಟುಂಬ. ಅವರ ಕಡೆಯಿಂದ ಬಸ್ಸುಗಟ್ಟಲೆ ಜನ ಬರುವುದು ಖಂಡಿತ. ನಮ್ಮ ಕಡೆಯಿಂದ? ಗದಗದಲ್ಲಿ ಅಜ್ಜಿ ಹಾಸಿಗೆ ಹಿಡಿದಿದ್ದಳು. ಅವಳನ್ನು ಬಿಟ್ಟು ಹೊರಡುವಂತಿಲ್ಲ ಎಂದು ಚಿಕ್ಕಪ್ಪಂದಿರ ಸಂಸಾರಗಳೆಲ್ಲ ಅಲ್ಲೇ ಉಳಿದವು. ಸೋದರಮಾವ ಮತ್ತು ಅತ್ತೆ ಮಾತ್ರ ಬರುವವರಿದ್ದರು. “ಹುಡುಗೀ ಕಡೆ ಮಂದೀನ ಇಲ್ಲಂತ ಬೀಗರು ಆಡ್ಕೊಂಡ್ರ ಏನ್ ಮಾಡೂದು?” ಎಂದು ಅಮ್ಮ ದಿನಕ್ಕೊಮ್ಮೆಯಾದರೂ ಕೇಳುತ್ತಿದ್ದಳು. ಅದೊಂದೇ ಚಿಂತೆ ಅವಳನ್ನು ತಿನ್ನುತ್ತಿತ್ತು. ಬೀದಿಯ ಪ್ರತಿ ಮನೆಗೂ ಹೋಗಿ, ಅರಿಶಿನ ಕುಂಕುಮ ಕೊಟ್ಟು, ಕೈಮುಗಿದು ಕರೆದು ಬಂದಳು. ಎಲ್ಲರೂ “ಆಯ್ತು, ನೋಡುವ” ಎಂದರು. ಆ “ನೋಡುವ” ಅವಳ ನಿದ್ದೆ ಕೆಡಿಸಿತು.

ಮದುವೆಯ ಹಿಂದಿನ ದಿನ ಬೆಳಿಗ್ಗೆ ಆಚೆಮನೆ ಅಕ್ಕ ಬಂದರು. ತವರಿನಿಂದ ತರಿಸಿದ ಒಂದು ಗೋಣಿ ಗುಳ್ಳವನ್ನು ಅಂಗಳದಲ್ಲಿ ಇಳಿಸಿ, “ಸಂಜೆ ಎಷ್ಟು ಹೊತ್ತಿಗೆ ಬರಬೇಕು?” ಎಂದು ಕೇಳಿದರು.

“ಸಂಜೀಕ ಯಾಕ್ರಿ ಅಕ್ಕಾರ? ನಾಳಿ ಊಟಕ್ಕ ಬರ್ರಿ ಸಾಕು. ಅಡಗಿ ಭಟ್ಟರು ತಮ್ಮ ಮಂದೀನ ಕರ್ಕೊಂಡು ಬರ್ತಾರ, ಎಲ್ಲಾ ಅವ್ರೇ ಮಾಡ್ತಾರ. ನಿಮಗ್ಯಾಕ ತ್ರಾಸ?” ಎಂದಳು ಅಮ್ಮ, ತುಂಬ ವಿನಯದಿಂದ.

ಅಕ್ಕನ ಮುಖ ಸಣ್ಣದಾಯಿತು. ಅಂಗಳದಿಂದಲೇ ತಿರುಗಿ ಹೋದರು. ಕೈಗೆ ಮದರಂಗಿ ಹಚ್ಚಿಸಿಕೊಂಡು ಕಿಟಕಿಯ ಬಳಿ ಕೂತಿದ್ದ ನನಗೆ ಏನೋ ಕೆಟ್ಟಿದೆ ಎನಿಸಿತು, ಏನೆಂದು ತಿಳಿಯಲಿಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ಅವರೇ ವಾಪಸು ಬಂದರು. ಈ ಸಲ ಚಪ್ಪಲಿ ಬಿಟ್ಟು ನೇರ ಒಳಗೆ ಬಂದು, ಅಮ್ಮನ ಎದುರು ನೆಲದಲ್ಲೇ ಕೂತರು.

“ನೋಡಿ, ನನಗೆ ಹೊಟ್ಟೆಯಲ್ಲಿ ಇಟ್ಟುಕೊಳ್ಳಲಿಕ್ಕೆ ಗೊತ್ತಿಲ್ಲ. ನಾಳೆ ಮದುವೆ, ಇವತ್ತು ತರಕಾರಿ ಕೊರೆಯಲಿಕ್ಕೆ ನೀವು ಒಬ್ಬರನ್ನೂ ಕರೆಯಲಿಲ್ಲ. ಹಾಗಾದರೆ ನಾವು ನಿಮಗೆ ಬೇಡ ಅಂತ ಅಲ್ವಾ? ಊಟಕ್ಕೆ ಯಾರನ್ನು ಬೇಕಾದರೂ ಕರೆಯಬಹುದು. ಕೆಲಸಕ್ಕೆ ಕರೆಯುವುದು ನಮ್ಮವರನ್ನು.”

ಅಮ್ಮ ಬೆಪ್ಪಾಗಿ ನೋಡಿದಳು. ಆಮೇಲೆ ನಿಜವಾದ ಆಶ್ಚರ್ಯದಿಂದ ಕೇಳಿದಳು: “ಅಲ್ರೀ, ಉಣ್ಣಾಕ ಕರದವ್ರ ಕೈಯಾಗ ಚಾಕು ಕೊಡೂದೇನ್ರಿ?”

ಅಕ್ಕ ಮೈಯೆಲ್ಲ ಕುಲುಕುವಂತೆ ನಕ್ಕರು. “ಚಾಕು ನೀವು ಕೊಡುವುದು ಬೇಡ ಮಾರಾಯ್ರೆ, ನಾವೇ ತರುತ್ತೇವೆ!” ಎಂದರು.

ಇಲ್ಲಿ ಕಾರ್ಯದ ಹಿಂದಿನ ಸಂಜೆ ನೆರೆಕರೆಯವರೆಲ್ಲ ತಂತಮ್ಮ ಮೆಟ್ಟುಕತ್ತಿ, ಅಂದರೆ ಈಳಿಗೆಮಣೆ, ಹಿಡಿದು ಬಂದು, ಕೂತು, ಮರುದಿನದ ಅಡುಗೆಗೆ ತರಕಾರಿ ಕೊರೆದು, ತೆಂಗಿನಕಾಯಿ ತುರಿದು ಕೊಡುವ ಪದ್ಧತಿ ಉಂಟೆಂಬುದು ನಮಗೆ ಗೊತ್ತಾದದ್ದೇ ಆಗ. ಬೀದಿಯವರು ಸಿಟ್ಟಾಗಿರಲಿಲ್ಲ, ನೊಂದಿದ್ದರು. ಬ್ಯಾಂಕಿನವರು, ಘಟ್ಟದ ಮೇಲಿನವರು, ಇವರಿಗೆ ನಮ್ಮಂಥವರ ಕೈ ತಾಗುವುದು ಬೇಡವೇನೋ ಎಂದುಕೊಂಡಿದ್ದರು. ತ್ರಾಸು ಕೊಡಬಾರದೆಂದು ಅಮ್ಮ ಬಾಯಿ ಮುಚ್ಚಿಕೊಂಡಿದ್ದಷ್ಟೂ ಅವರು ದೂರ ಸರಿದಿದ್ದರು.

“ಹಂಗಾರ ನೀವೇ ಒಂದ್ ಮಾತು ಹೇಳಿಬಿಡ್ರಿ ಅವ್ರಿಗೆ” ಎಂದಳು ಅಮ್ಮ.

“ನಾನು ಹೇಳಿದರೆ ಆಗುವುದಿಲ್ಲ. ನೀವೇ ಹೋಗಬೇಕು.”

ಮದುಮಗಳು ಗೇಟು ದಾಟಬಾರದೆಂದು ನಾನು ಕಿಟಕಿಯಲ್ಲೇ ಉಳಿದೆ. ಉರಿಬಿಸಿಲಿಗೆ ಸೆರಗು ತಲೆಯ ಮೇಲೆ ಹೊದ್ದು ಅಮ್ಮ ಹೊರಟಳು. ಎದುರು ಮನೆಯ ಗೇಟಿನ ಹತ್ತಿರ ನಿಂತಳು, ಎರಡು ಹೆಜ್ಜೆ ಹಿಂದೆ ಬಂದಳು, ಮತ್ತೆ ಹೋದಳು. ಜೀವಮಾನದಲ್ಲಿ ಯಾರ ಮುಂದೆಯೂ ಕೈಚಾಚದವಳು ಅವಳು. ನನಗೆ ಅಳು ಬಂತು. ಮದರಂಗಿಯ ಕೈಯಲ್ಲಿ ಕಣ್ಣೊರೆಸಿಕೊಳ್ಳುವಂತೆಯೂ ಇರಲಿಲ್ಲ. ಎದುರು ಮನೆಯ ಹೆಂಗಸು, “ಈಗ ನೆನಪಾಯ್ತಾ ನಮ್ಮದು?” ಎಂದರಂತೆ. ಅಮ್ಮ, “ತಪ್ಪಾತ್ರಿ, ನಮ್ಮ ಕಡೆ ಹಿಂಗ ಇಲ್ಲ. ನೀವು ಬಂದ್ರ ನನ್ನ ಮಗಳ ಮದುವಿ ಆಗ್ತದ” ಎಂದಳಂತೆ. ಎಷ್ಟು ಮನೆಗಳಲ್ಲಿ ಹಾಗೆ ಹೇಳಿದಳೋ... ಬೆವರಿ ಒದ್ದೆಯಾಗಿ ವಾಪಸು ಬಂದು, “ಹೇಳೇನಿ. ಬರ್ತಾರೋ ಇಲ್ಲೋ, ಗೊತ್ತಿಲ್ಲ” ಎಂದು ಗೋಡೆಗೆ ಒರಗಿದಳು.

ಬಿಸಿಲು ಇಳಿಯಿತು. ಚಪ್ಪರದಲ್ಲಿ ಅಕ್ಕ ಒಬ್ಬರೇ ಗುಳ್ಳದ ರಾಶಿಯ ಮುಂದೆ ಕೂತು ಕೊರೆಯುತ್ತಿದ್ದರು. ಯಾರೂ ಬರದಿದ್ದರೆ ಇಡೀ ಗೋಣಿಯನ್ನು ತಾವೇ ಮುಗಿಸುವವರ ಹಾಗಿತ್ತು ಅವರ ಮುಖ. ಆಮೇಲೆ ಗೇಟು ಕಿರ್ರೆಂದಿತು. ಎದುರು ಮನೆಯವರು, ಹಳೆಯ ಪೇಪರಿನಲ್ಲಿ ಸುತ್ತಿದ ಮೆಟ್ಟುಕತ್ತಿಯೊಂದಿಗೆ. ಅವರ ಹಿಂದೆ ಮೂಲೆಮನೆಯ ಕೊಂಕಣಿ ಮಾಯಿ, ಅವರ ಹಿಂದೆ ತೆಂಗಿನಕಾಯಿ ತುರಿಯುವ ಮಣೆ ಹೊತ್ತ ರಿಕ್ಷಾದವರು... ದೀಪ ಹಚ್ಚುವ ಹೊತ್ತಿಗೆ ಚಪ್ಪರದಲ್ಲಿ ಕಾಲಿಡಲು ಜಾಗವಿರಲಿಲ್ಲ.

ಅಡುಗೆಯ ಭಟ್ಟರಿಗೆ ಮಾತ್ರ ಇದು ಹಿಡಿಸಲಿಲ್ಲ. “ಹೋಳು ಒಂದು ದೊಡ್ಡದು, ಒಂದು ಸಣ್ಣದು! ಒಂದೇ ಹದಕ್ಕೆ ಬೇಯುವುದು ಹೇಗೆ?” ಎಂದು ಗೊಣಗಿದರು.

“ತಿನ್ನುವವರು ನಾವೇ ಅಲ್ವಾ ಭಟ್ರೆ? ನೀವು ಬೆಂಕಿ ನೋಡಿ” ಎಂದರು ಅಕ್ಕ. ಚಪ್ಪರಕ್ಕೆ ಚಪ್ಪರವೇ ನಕ್ಕಿತು. ಯಾರೋ ತುಳುವಿನಲ್ಲಿ ಇನ್ನೇನೋ ತಮಾಷೆ ಮಾಡಿದರು. ಒಂದಕ್ಷರವೂ ತಿಳಿಯದ ಅಮ್ಮ ಎಲ್ಲರಿಗಿಂತ ಜೋರಾಗಿ ನಕ್ಕಳು. ಉಡುಪಿಗೆ ಬಂದ ಮೇಲೆ ಅವಳು ಹಾಗೆ ನಕ್ಕದ್ದನ್ನು ನಾನು ಕಂಡಿರಲಿಲ್ಲ.

ಮರುದಿನ ಕಾರ್ಕಳದ ದಿಬ್ಬಣ ಬಂದಾಗ ಅದನ್ನು ಎದುರುಗೊಂಡದ್ದು ನಮ್ಮ ಇಡೀ ಬೀದಿ. ಬಡಿಸಿದವರು ಅವರು, ಎಲೆ ತೆಗೆದವರು ಅವರು. ಗಂಡನ ಸೋದರತ್ತೆ ಆಚೆಮನೆ ಅಕ್ಕನನ್ನು, “ನೀವು ಹುಡುಗಿಗೆ ಎಂತ ಆಗಬೇಕು?” ಎಂದು ಕೇಳಿದರು. “ದೊಡ್ಡಮ್ಮ” ಎಂದರು ಅಕ್ಕ, ಕಣ್ಣು ಕೂಡ ಮಿಟುಕಿಸದೆ. ನನ್ನ ಗಂಡನ ಮನೆಯವರು ಬಹಳ ಕಾಲ ಹಾಗೆಯೇ ನಂಬಿದ್ದರು. ನಾವೂ ತಿದ್ದಲಿಲ್ಲ. ತಿದ್ದುವಂಥದ್ದು ಅದರಲ್ಲಿ ಏನೂ ಇರಲಿಲ್ಲ.

ಅಪ್ಪನಿಗೆ ಮತ್ತೆ ವರ್ಗವಾದಾಗ ಅಮ್ಮ, “ನೀವು ಹೋಗಿ ಬರ್ರಿ, ನಾ ಬರೂದಿಲ್ಲ” ಎಂದುಬಿಟ್ಟಳು. ತನ್ನದೊಂದು ಮೆಟ್ಟುಕತ್ತಿ ಕೊಂಡಳು. ಬೀದಿಯ ಯಾವ ಮನೆಯಲ್ಲಿ ಕಾರ್ಯವಿದ್ದರೂ ಹೋಗಿ ಕೂರುತ್ತಿದ್ದಳು. ನಮ್ಮ ಮನೆಯವರು ಒಂದು ಊರಿನಲ್ಲಿ ಬೇರು ಬಿಟ್ಟಿದ್ದರೆ ಅದು ಆಚೆಮನೆ ಅಕ್ಕನಿಂದ. ಅಂದು ಬೆಳಿಗ್ಗೆ ಮುಖ ಸಣ್ಣದು ಮಾಡಿಕೊಂಡು ಹೋದವರು ಹಾಗೆಯೇ ಉಳಿಯಬಹುದಿತ್ತು. ವಾಪಸು ಬಂದು ನಮ್ಮನ್ನು ಬೈದರಲ್ಲ, ಆ ಉಪಕಾರ ದೊಡ್ಡದು.

ಅಕ್ಕ ಹೋದ ತಿಂಗಳು ತೀರಿಕೊಂಡರು. ಉತ್ತರಕ್ರಿಯೆ ಅಂಬಲಪಾಡಿಯ ಒಂದು ಸಭಾಂಗಣದಲ್ಲಿ. ಮೊಣಕಾಲು ನೋವಿನಿಂದ ಬರಲಾಗದ ಅಮ್ಮ ನಾನು ಹೊರಡುವಾಗ, “ಅಲ್ಲಿ ಸುಮ್ಮನ ಕುಂದರಬ್ಯಾಡ. ಏನರ ಕೆಲಸ ಕೇಳು” ಎಂದಳು.

ಕೇಳಿದೆ. “ಎಂತದೂ ಇಲ್ಲ, ಎಲ್ಲ ಕ್ಯಾಟರಿಂಗಿನವರು ನೋಡಿಕೊಳ್ತಾರೆ. ನೀವು ಕೂತ್ಕೊಳ್ಳಿ” ಎಂದಳು ಅಕ್ಕನ ಮಗಳು. ಅತ್ತು ಅತ್ತು ಅವಳ ಮುಖ ಬಾಡಿತ್ತು. ಅವಳ ತಪ್ಪೇನೂ ಇಲ್ಲ, ಈಗ ಎಲ್ಲರೂ ಮಾಡುವುದು ಹಾಗೆಯೇ. ಕುರ್ಚಿಯಲ್ಲಿ ಕೂತೆ. ಹೂವಿನ ಹಾರದೊಳಗಿನ ಅಕ್ಕನ ಫೋಟೋ ಎದುರಿಗಿತ್ತು. ಅಷ್ಟು ಗಟ್ಟಿ ಗಂಟಲಿನ ಹೆಂಗಸು ಅಷ್ಟು ಸುಮ್ಮನಿದ್ದದ್ದನ್ನು ನೋಡಲಾಗಲಿಲ್ಲ.

ಎದ್ದು ಹೋಗಿ, ಪಂಕ್ತಿಯ ತುದಿಯಲ್ಲಿದ್ದ ಮಜ್ಜಿಗೆಯ ಬಾಲ್ದಿ ಎತ್ತಿಕೊಂಡೆ. ಕ್ಯಾಟರಿಂಗಿನವನು ಓಡಿ ಬಂದ. “ಬಿಡಿ ಮೇಡಂ, ನಾವು ಮಾಡ್ತೇವೆ. ನೀವು ಗೆಸ್ಟ್ ಅಲ್ವಾ?”

ನಾನು ಬಾಲ್ದಿ ಬಿಡಲಿಲ್ಲ. ಹಿಂದಿನಿಂದ ಅಕ್ಕನ ಮಗಳ ದನಿ ಕೇಳಿತು: “ಅವರು ಮನೆಯವರು ಮಾರಾಯ, ಬಿಡು.” ಮತ್ತೆ ನನ್ನ ಕಡೆ ತಿರುಗಿ, “ಆ ಕೊನೆಯ ಸಾಲಿಗೆ ಮಜ್ಜಿಗೆ ಬರಲಿಲ್ಲ ನೋಡಿ. ಬೇಗ ಹೋಗಿ” ಎಂದಳು.

ಹೋದೆ.