ಮಾವ ಎದ್ದು ಹೋದ ಗ್ರಾಮಸಭೆ

ಹೋದ ವರ್ಷದ ಮಾತು. ಆಗ ನನ್ನ ಮಗಳು ಭಾಗ್ಯ ಏಳನೇ ತರಗತಿಯಲ್ಲಿದ್ದಳು. ನಮ್ಮದು ಕುರುಗೋಡು ಹತ್ತಿರದ ಹಳ್ಳಿ. ನಾನು ಬಳ್ಳಾರಿಗೆ ಜೀನ್ಸ್ ಪ್ಯಾಂಟ್ ಹೊಲಿಯಲು ಬೆಳಗಿನ ಬಸ್ಸಿಗೆ ಹೋಗಿ ಸಂಜೆ ಬರುತ್ತೇನೆ. ಯಜಮಾನರು ಲಾರಿ ಓಡಿಸುತ್ತಾರೆ, ಮನೆಯಲ್ಲಿರುವುದಕ್ಕಿಂತ ರಸ್ತೆಯ ಮೇಲಿರುವುದೇ ಹೆಚ್ಚು. ಹಗಲು ಮನೆಯಲ್ಲಿರುವವರು ಮಂಡಿನೋವಿನ ನನ್ನ ಮಾವ ಒಬ್ಬರೇ.

ನಮ್ಮ ಕೆಳಗಿನ ಓಣಿಗೆ ನಲ್ಲಿ ನೀರು ಬರುತ್ತಿದ್ದುದು ಹತ್ತು ಗಂಟೆಯ ಮೇಲೆ, ಮೇಲಿನ ಓಣಿಯವರ ತೊಟ್ಟಿಗಳೆಲ್ಲ ತುಂಬಿದ ನಂತರ. ಅಷ್ಟೊತ್ತಿಗೆ ನಾನು ಮಷೀನಿನ ಮುಂದೆ ಕೂತಿರುತ್ತಿದ್ದೆ. ಕೊಡ ಹಿಡಿದು ನಿಲ್ಲುತ್ತಿದ್ದವಳು ಭಾಗ್ಯ. ಮೊದಮೊದಲು ಶಾಲೆಗೆ ತಡವಾಗಿ ಹೋಗುತ್ತಿದ್ದಳು, ಆಮೇಲೆ ಹೋಗುವುದನ್ನೇ ತಪ್ಪಿಸತೊಡಗಿದಳು. "ಹಿಂಗಾದ್ರ ಹುಡುಗಿ ಸಾಲಿ ಬಿಟ್ಟಂಗ ನೋಡ್ರಿ" ಎಂದು ಅವಳ ಟೀಚರ್ ಹೇಳಿದ ದಿನ ನನಗೆ ಊಟ ಸೇರಲಿಲ್ಲ. ನಾನೂ ಏಳನೇ ತರಗತಿಗೇ ಶಾಲೆ ಬಿಟ್ಟವಳು.

ಮಾವನ ಮಾತಿಗೆ ಊರಲ್ಲಿ ಬೆಲೆ ಇದೆ. ಆದರೆ ನಮ್ಮ ಮನೆಯ ರಿವಾಜಿನಂತೆ ಸೊಸೆ ಮಾವನ ಎದುರು ಬಾಯಿ ಬಿಡುವಂತಿಲ್ಲ. "ರೊಟ್ಟಿ ಆಗ್ಯಾವ ಅಂತ ನಿಮ್ಮ ತಾತಗ ಹೇಳವಾ" ಎಂದು ನಾನು ಭಾಗ್ಯಳಿಗೆ ಹೇಳಿದರೆ, ಪಕ್ಕದಲ್ಲೇ ಕೂತ ತಾತ "ಬರ್ತೀನಂತ ನಿಮ್ಮವ್ವಗ ಹೇಳು" ಎನ್ನುವರು. ನೀರಿನ ವಿಷಯವನ್ನೂ ಹೀಗೇ ಹೇಳಿಸಿದ್ದೆ. "ನೀರು ಹೆಂಗಸ್ರ ಬಾಬತ್ತು" ಎಂದು ಸುಮ್ಮನಾಗಿದ್ದರು.

ಗ್ರಾಮಸಭೆ ಎಂದರೆ ನಮಗೆ ಗೊತ್ತಿದ್ದುದು ಇಷ್ಟೇ. ಮಧ್ಯಾಹ್ನ ಪಂಚಾಯಿತಿಯಲ್ಲಿ ನಾಲ್ಕು ಜನ ಕೂತು ಚಹಾ ಕುಡಿದು ಏಳುವುದು, ಆಮೇಲೆ ಯಾರೋ ಮನೆಮನೆಗೆ ಬಂದು ಸಹಿ ಹಾಕಿಸಿಕೊಂಡು ಹೋಗುವುದು. ಹೊಸದಾಗಿ ಬಂದ ಪಿಡಿಒ ಮೇಡಂ ಅದನ್ನು ನಿಲ್ಲಿಸಿದರು. ಕೂಲಿಯವರು, ಬಸ್ಸಿನವರು ಊರಿಗೆ ಬಂದ ಮೇಲೆ, ಸಂಜೆ, ಶಾಲೆಯ ಅಂಗಳದಲ್ಲಿ ಸಭೆ ಎಂದು ಸಾರಿಸಿದರು. "ಸಹಿ ನಿಮ್ಮ ಮನೀಗೆ ಬರಂಗಿಲ್ಲ, ನೀವ ಬರ್ರಿ" ಎಂಬ ಮಾತು ಊರೆಲ್ಲ ಓಡಾಡಿತು.

ಭಾಗ್ಯಳನ್ನು ಕರೆದುಕೊಂಡು ನಾನೂ ಹೋದೆ. ಅವಳು ಗೇಟಿನ ಹೊರಗೆ ಗೆಳತಿಯರ ಜೊತೆ ಆಡಲು ನಿಂತಳು. ಒಳಗೆ ಗಟಾರ, ಬೀದಿದೀಪದ ಮಾತೆಲ್ಲ ಮುಗಿದ ಮೇಲೆ ಮೇಡಂ, "ಹೆಣ್ಮಕ್ಕಳು ಮಾತಾಡ್ರಿ" ಎಂದರು. ಪಕ್ಕದ ಈರಮ್ಮ ನನ್ನನ್ನು ತಿವಿದಳು. ಧೈರ್ಯ ಮಾಡಿ ಎದ್ದೆ. ನೋಡಿದರೆ ಮುಂದಿನ ಸಾಲಿನಲ್ಲೇ ಮಾವನ ಬಿಳಿ ರುಮಾಲು! ಸೆರಗು ಎಳೆದುಕೊಂಡು ತಲೆ ತಗ್ಗಿಸಿದೆ.

"ನೀ ಕುಂದ್ರವಾ, ನಿಮ್ಮ ಮಾವ ಅದಾರ, ಅವ್ರು ಹೇಳ್ತಾರ" ಎಂದು ಮೇಲಿನ ಓಣಿಯ ಒಬ್ಬರು ನಕ್ಕರು.

ಮಾವ ಹಿಂತಿರುಗಿ ನನ್ನನ್ನು ನೋಡಿದರು. ಕೋಲು ಊರಿ ಎದ್ದವರೇ, ಯಾರಿಗೂ ಏನೂ ಹೇಳದೆ ಹೊರಗೆ ಹೊರಟುಬಿಟ್ಟರು. "ಹಿರಿಯಾಗ ಸಿಟ್ಟು ಬಂತಲ್ಲೋ" ಎಂದು ಯಾರೋ ಪಿಸುಗುಟ್ಟಿದರು. ಇನ್ನು ಮನೆಗೆ ಯಾವ ಮುಖ ಹೊತ್ತು ಹೋಗಲಿ? ಆದರೂ ಮುಳುಗಿದವರಿಗೆ ಚಳಿಯೇನು, ಮಳೆಯೇನು!

"ಮೇಡಂ, ನೀರು ಬಿಡೋ ಹೊತ್ತಿಗೆ ನಮ್ಮ ಓಣ್ಯಾಗ ದೊಡ್ಡೋರು ಯಾರೂ ಇರಂಗಿಲ್ರಿ. ಸಾಲಿಗೆ ಹೋಗೋ ಹುಡುಗ್ಯಾರು ಕೊಡ ಹಿಡಕೊಂಡು ನಿಲ್ತಾವ್ರಿ. ನಮಗ ಸಂಜಿಗೆ ಬಿಡ್ರಿ, ಬ್ಯಾರೆ ಏನೂ ಬ್ಯಾಡ" ಎಂದುಬಿಟ್ಟೆ.

ಹಿಂದಿನಿಂದ ಹೆಂಗಸರೆಲ್ಲ "ಖರೇ ಐತ್ರಿ" ಎಂದು ದನಿಗೂಡಿಸಿದರು. ಮೇಲಿನ ಓಣಿಯವರು ತಕರಾರು ತೆಗೆದರು. ಮೇಡಂ ಕೈ ಎತ್ತಿಸಿದರು. ನಮ್ಮ ಕೈಗಳೇ ಹೆಚ್ಚಿದ್ದವು. ಕೆಳಗಿನ ಓಣಿಗೆ ಇನ್ನು ಸಂಜೆ ನೀರು ಎಂದು ಠರಾವಾಯಿತು.

ಗೆದ್ದರೂ ಖುಷಿಯಿಲ್ಲ, ಮಾವನ ಭಯ. ಹೆದರುತ್ತಲೇ ಗೇಟು ದಾಟಿದರೆ, ಅವರು ಅಲ್ಲೇ ಕಾಂಪೌಂಡಿಗೆ ಒರಗಿ ನಿಂತಿದ್ದಾರೆ! ಒಳಗಿನದೆಲ್ಲ ಕೇಳಿಸಿಕೊಂಡಿದ್ದರು. ನನ್ನ ಕಡೆ ನೋಡದೆ ಭಾಗ್ಯಳಿಗೆ ಹೇಳಿದರು, "ನಾ ಅಲ್ಲೇ ಕುಂತಿದ್ರ ನಿಮ್ಮವ್ವ ಬಾಯಿ ತೆಗೀತಿರಲಿಲ್ಲ. ಅದಕ್ಕ ಎದ್ದು ಬಂದೆ ಅಂತ ಹೇಳು."

ನಡುರಸ್ತೆಯಲ್ಲೇ ಅತ್ತುಬಿಟ್ಟೆ.

ಭಾಗ್ಯ ಈಗ ಎಂಟನೇ ತರಗತಿ, ಶಾಲೆ ತಪ್ಪಿಸುವುದಿಲ್ಲ. ಮೊನ್ನೆ ಮತ್ತೆ ಗ್ರಾಮಸಭೆ ಇತ್ತು. ತಾತನಿಗೆ ಹೇಳಿ ಕಳಿಸೋಣವೆಂದರೆ ಅವಳು ಶಾಲೆಯ ತಂಡದ ಜೊತೆ ಸಿರುಗುಪ್ಪಕ್ಕೆ ಖೋಖೋ ಆಡಲು ಹೋಗಿದ್ದಳು. ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತೆ. ಕೊನೆಗೆ ನಾನೇ, "ಮಾವ, ಸಭಾಕ್ಕ ಹೊತ್ತಾತ್ರಿ, ಹೋಗೋಣ್ರಿ" ಎಂದೆ.

ಮಾವ ರುಮಾಲು ಸುತ್ತಿಕೊಳ್ಳುತ್ತ ನನಗೇ ಹೇಳಿದರು, "ನಡಿಯವಾ. ಆದ್ರ ಈ ಸಲ ನಾ ಎದ್ದು ಹೊರಗ ಹೋಗಂಗಿಲ್ಲ ನೋಡು, ಮಂಡಿ ನೋಯ್ತಾವ."