ಮೈದುನ ದಾಟದ ಗೋಡೆ

ಹೋದ ಬೇಸಿಗೆ ರಜೆಯಲ್ಲಿ ನಾನು ಒಂದು ವಿಡಿಯೋ ಗೇಮ್ ಮುಗಿಸಿದೆ. ಆಸೆಯಿಂದಲ್ಲ, ಸೇಡಿನಿಂದ.

ನಮ್ಮದು ಹಿರಿಯೂರು. ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳುತ್ತೇನೆ. ಮೈದುನನಿಗೆ ಚಿತ್ರದುರ್ಗದಲ್ಲಿ ಕೆಲಸ. ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆಯೇ ಮನೆ. ಬಂದವನೇ ಟಿವಿ ಮುಂದೆ ಕೂತು ಈ ಗೇಮ್ ಆಡುತ್ತಿದ್ದ. ಕೆಂಪು ಲಂಗದ ಹುಡುಗಿಯೊಬ್ಬಳು ಮಾಳಿಗೆಯಿಂದ ಮಾಳಿಗೆಗೆ ಹಾರುತ್ತ ಓಡಬೇಕು. ಅವಳು ತುಳಿದ ನೆಲವೆಲ್ಲ ಹಿಂದಿನಿಂದ ಕುಸಿಯುತ್ತ ಬರುತ್ತದೆ. ತಡೆದು ನಿಂತರೆ ಮುಗಿಯಿತು.

ಒಂದು ಭಾನುವಾರ ಹೊಳಲ್ಕೆರೆಯಿಂದ ನಮ್ಮ ಯಜಮಾನರ ಸೋದರತ್ತೆಯ ಮನೆಯವರು ಬಂದಿದ್ದರು. ಮೈದುನ ಕಂಟ್ರೋಲರ್ ತಂದು ನನ್ನ ಕೈಗಿಟ್ಟ. "ಆಡ್ರಿ ಅತ್ಗೆ, ನೋಡಾಣ" ಅಂದ. ಮೊದಲ ಜಿಗಿತಕ್ಕೇ ಬಿದ್ದೆ. ಮತ್ತೆ ಬಿದ್ದೆ. ಅವನು ಅದನ್ನೆಲ್ಲ ಮೊಬೈಲಿನಲ್ಲಿ ಹಿಡಿದು, "ಟೀಚರಮ್ಮ ಫೇಲು" ಎಂದು ಬರೆದು ನೆಂಟರ ವಾಟ್ಸಾಪ್ ಗುಂಪಿಗೆ ಹಾಕಿದ. ಹೊಸದುರ್ಗದ ನನ್ನ ತವರಿಗೂ ಮುಟ್ಟಿತು. ಅಕ್ಕ ಫೋನ್ ಮಾಡಿ ನಕ್ಕಳು. ನಾನೂ ನಕ್ಕೆ. ಫೋನ್ ಇಟ್ಟವಳೇ ಆ ವಿಡಿಯೋ ಇನ್ನೊಮ್ಮೆ ನೋಡಿದೆ.

ರಜೆ ಬಂತು. ಅವನು ಕೆಲಸಕ್ಕೆ ಹೋದ ಮೇಲೆ ನನ್ನದೇ ಬೇರೆ ಖಾತೆ ತೆರೆದು ಆಡತೊಡಗಿದೆ. ಹೆಬ್ಬೆರಳುಗಳು ಊದಿಕೊಂಡವು. ಒಂದು ದಿನ ಅತ್ತೆ ಅಡುಗೆಮನೆಯಿಂದ ಬಂದು ನೋಡಿದರು.

"ಏನಮ್ಮ, ಹಂಗ್ ಹಲ್ಲು ಕಡೀತಿದ್ದೀಯ? ಯಾರ ಮ್ಯಾಲೆ ಸಿಟ್ಟು?"

"ನಿಮ್ಮ ಸಣ್ಣ ಮಗನ ಮ್ಯಾಲೆ."

"ಹಂಗಾದ್ರೆ ಆಡು. ಅನ್ನಕ್ಕೆ ನಾನೇ ಇಡ್ತೀನಿ" ಎಂದು ಒಳಗೆ ಹೋದರು.

ಆಟ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಲಯ ಸಿಕ್ಕಮೇಲೆ ಬೆರಳುಗಳು ನನ್ನನ್ನು ಕೇಳದೆಯೇ ಓಡುತ್ತಿದ್ದವು. ಚಿಕ್ಕವಳಿದ್ದಾಗ ಸ್ಕೂಲಿನ ಅಂಗಳದಲ್ಲಿ ಕುಂಟೆಬಿಲ್ಲೆ ಆಡಿದ ಮೇಲೆ ಮೈ ಮತ್ತೆಂದೂ ಅಷ್ಟು ಹಗುರಾಗಿದ್ದು ನನಗೆ ನೆನಪಿಲ್ಲ. ಆದರೆ ಕಥೆ ಪೊಳ್ಳು. ಹುಡುಗಿ ಯಾಕೆ ಓಡುತ್ತಾಳೆಂದು ಕೊನೆತನಕ ಹೇಳುವುದಿಲ್ಲ. ಕೊನೆಯ ಹಂತದ ಜಾರುಗೋಡೆಯಂತೂ ಶುದ್ಧ ಅನ್ಯಾಯ. ಮೈದುನ ತಿಂಗಳುಗಟ್ಟಲೆ ಸಿಕ್ಕಿಕೊಂಡಿದ್ದು ಅಲ್ಲೇ. ಹಾರುವ ಮುಂಚೆ ತುಸು ಹಿಂದಕ್ಕೆ ಜಾರಬೇಕೆಂಬುದು ನನಗೆ ಹೊಳೆದದ್ದು ಸಿಟ್ಟಿನಲ್ಲಿ ತಪ್ಪು ಗುಂಡಿ ಒತ್ತಿದಾಗ. ದಾಟಿದೆ. ಹುಡುಗಿ ಸಮುದ್ರದ ದಂಡೆಯಲ್ಲಿ ನಿಂತಳು, ಪರದೆ ಕಪ್ಪಾಯಿತು. ಇಷ್ಟಕ್ಕೇನಾ ಅನ್ನಿಸಿತು.

ಹೊಳಲ್ಕೆರೆಯವರು ಮತ್ತೆ ಬರುವವರೆಗೂ ನಾನು ಬಾಯಿ ಬಿಡಲಿಲ್ಲ. ಅವರು ಬಂದು ಕೂತು ಕಾಫಿ ಕುಡಿಯುವಾಗ ಟಿವಿ ಹಾಕಿ, ಎಲ್ಲರೆದುರೂ ಆ ಗೋಡೆ ಹತ್ತಿ ತೋರಿಸಿದೆ. ಸೋದರತ್ತೆ "ಅಬ್ಬಾ!" ಅಂದರು. ಮೈದುನನ ಮುಖ ನೋಡಬೇಕಿತ್ತು. ನಾನು ಕಣ್ತುಂಬ ನೋಡಿದೆ.

"ಅತ್ಗೆ, ಅದು ಹೆಂಗ್ ದಾಟಿದ್ರಿ?"

"ಗೊತ್ತಿಲ್ಲಪ್ಪ. ಹಂಗೇ ಆಯ್ತು."

ಆಮೇಲೆ ದಿನಾ ಸಂಜೆ ಅವನು ಬೀಳುತ್ತಿದ್ದ. ನಾನು ಪಕ್ಕದಲ್ಲೇ ಕೂತು ಅವರೆಕಾಯಿ ಸುಲಿಯುತ್ತಿದ್ದೆ. ಒಂದೆರಡು ಸಲ ಪಾಪ ಅನ್ನಿಸಿದ್ದೂ ಉಂಟು. ಹೋದ ವಾರ ಚಿತ್ರದುರ್ಗದಿಂದ ಪೇಡದ ಪೊಟ್ಟಣ ತಂದು ಮುಂದಿಟ್ಟು, "ಈಗಾದ್ರೂ ಹೇಳ್ರಿ" ಅಂದ.

ಪೇಡ ಚೆನ್ನಾಗಿತ್ತು. ಇನ್ನೊಂದು ತಗೊಂಡೆ. ಹೇಳಲಿಲ್ಲ.