ಕುಣಿಗಲ್ ರೇಲಿಂಗಿನ ಕಪ್ಪು ಗೆರೆ

ಅಲ್ಯೂಮಿನಿಯಂ ಬೆಸೆಯುವ ಕಡ್ಡಿಗಳೆಲ್ಲ ನೋಡಲು ಒಂದೇ ಥರ. ಯಾವುದು ಯಾವ ಕಡ್ಡಿ ಎಂದು ಹೇಳುವ ನಂಬರು ಒಂದು ತುದಿಯಲ್ಲಿ ಮಾತ್ರ. ಸಿಲಿಕಾನ್ ಬೆರೆತದ್ದು ಸಲೀಸಾಗಿ ಹರಿಯುತ್ತದೆ, ಎಂಜಿನ್ ಕೇಸಿಗೆ ಅದೇ ಒಳ್ಳೆಯದು. ಆದರೆ ಬೆಸೆದ ಮೇಲೆ ಅನೊಡೈಸಿಂಗ್‌ಗೆ, ಅಂದರೆ ಮೇಲ್ಮೈ ಗಟ್ಟಿ ಮಾಡುವ ಆಸಿಡ್ ತೊಟ್ಟಿಗೆ, ಹೋಗುವ ಮಾಲಿಗೆ ಮೆಗ್ನೀಸಿಯಂ ಕಡ್ಡಿಯೇ ಆಗಬೇಕು. ತಪ್ಪಿ ಸಿಲಿಕಾನ್ ಹಾಕಿದರೆ ಬೆಸೆಯುವಾಗ ಏನೂ ಗೊತ್ತಾಗುವುದಿಲ್ಲ. ತೊಟ್ಟಿಯಿಂದ ಎದ್ದು ಬಂದಾಗ ಬೆಸುಗೆಯ ಜಾಗ ಕಪ್ಪಾಗಿರುತ್ತದೆ.

ಮದುವೆಯಾಗಿ ಬಂದ ಮೇಲೆ ಇದನ್ನೆಲ್ಲ ನನಗೆ ಕಲಿಸಿದವರು ನಮ್ಮ ಯಜಮಾನರು. "ನಂಬರ್ ಇರೋ ತುದೀನ ಕೈಲಿಟ್ಕೊಳೇ, ಅದನ್ನೇ ಸುಟ್ಬುಟ್ರೆ ಮಿಕ್ಕಿದ್ದು ಯಾವ್ದು ಅಂತ ಯಾರನ್ನ ಕೇಳ್ತೀಯ?" ಎಂದು ಬೈಯುತ್ತಿದ್ದರು. ಅವರು ತೀರಿಕೊಂಡ ಮೇಲೆ ಉಪ್ಪಾರಹಳ್ಳಿಯ ಶೆಡ್ಡಿನಲ್ಲಿ ಬೆಸುಗೆಯ ಟಾರ್ಚ್ ಹಿಡಿಯುವವಳು ನಾನೇ. ಬೆನ್ನ ಹಿಂದೆ ಆ ಬೈಗುಳ ಇನ್ನೂ ಕೇಳುತ್ತದೆ. ಒಮ್ಮೊಮ್ಮೆ ಎದುರುತ್ತರವನ್ನೂ ಕೊಟ್ಟುಬಿಡುತ್ತೇನೆ.

ಅವರ ಕೈಕೆಲಸ ಎಲ್ಲಾದರೂ ಕಂಡೀತೇ ಎಂದು ಅವರು ಮಾಡಿಕೊಟ್ಟ ಕ್ಯಾತ್ಸಂದ್ರದ ಹಾಸ್ಟೆಲ್ ಕಿಟಕಿ, ಗುಬ್ಬಿಯ ಅಂಗಡಿ ಬಾಗಿಲು ಎಲ್ಲ ಸವರಿ ನೋಡಿದ್ದೇನೆ. ಹಾಳಾದ್ದು, ಒಂದು ಬೆಸುಗೆಯೂ ಸಿಗಲಿಲ್ಲ. ಅಷ್ಟು ಚೆನ್ನಾಗಿ ಬೆಸೆಯುತ್ತಿದ್ದರು.

ಮೊನ್ನೆ ಕುಣಿಗಲ್‌ನಿಂದ ಒಬ್ಬರು ಮೆಟ್ಟಿಲ ರೇಲಿಂಗ್ ತಂದಿಳಿಸಿದರು. ಮೂಲೆಯ ಬೆಸುಗೆಯಲ್ಲಿ ಕಪ್ಪು ಗೆರೆ.

"ಯಜಮಾನ್ರು ಕೊನೇಲಿ ಮಾಡ್ಕೊಟ್ಟಿದ್ದು ಮೇಡಂ. ಜ್ವರ ಇಟ್ಕೊಂಡೇ ಮಾಡಿದ್ರು, ಅನೊಡೈಸಿಂಗ್ ಆದ್ಮೇಲೆ ಹಿಂಗಾಯ್ತು. ಹೇಳಕ್ಕೆ ಮನಸ್ಸು ಬರ್ಲಿಲ್ಲ. ಈಗ ಮಗಳ ಮದ್ವೆ, ಸರಿ ಮಾಡ್ಕೊಡಿ."

ಜ್ವರದಲ್ಲಿ ನಂಬರು ನೋಡದೆ ಸಿಲಿಕಾನ್ ಕಡ್ಡಿ ಹಾಕಿಬಿಟ್ಟಿದ್ದರು. ಊರೆಲ್ಲ ಹುಡುಕಿದರೂ ಸಿಗದವರು ಆ ಗೆರೆಯಲ್ಲಿ ಕಂಡರು. ಕೈ ನಡುಗಿದ ಕಡೆ ಅದು ದಪ್ಪಗಿತ್ತು. ಇದನ್ನು ಅಳಿಸುವ ಕೆಲಸ ನನ್ನ ಪಾಲಿಗೇ ಬರಬೇಕೆ? ಅಳು ಬಂತು, ಅದಕ್ಕಿಂತ ಜಾಸ್ತಿ ಸಿಟ್ಟು ಬಂತು.

ಹಳೆಯ ಬೆಸುಗೆಯನ್ನು ಪೂರ್ತಿ ಕೆತ್ತಿ ತೆಗೆಯಬೇಕು. ಚೂರು ಉಳಿದರೂ ತೊಟ್ಟಿಯಲ್ಲಿ ಮತ್ತೆ ಕಪ್ಪಾಗುತ್ತದೆ. ಗ್ರೈಂಡರ್ ಹಿಡಿದು ಕೂತೆ. ಮೇಲೆ, ಪಕ್ಕದಲ್ಲಿ, ಎಲ್ಲ ತೆಗೆದೆ. ಅಡಿಯಲ್ಲಿ, ಗೋಡೆಯ ಕಡೆ ಬರುವಲ್ಲಿ, ಹೆಸರುಕಾಳಿನಷ್ಟು ಉಳಿದಾಗ ಕೈ ನಿಂತಿತು. ಅಷ್ಟರಿಂದ ಗಟ್ಟಿತನಕ್ಕೇನೂ ಕೊರತೆಯಿಲ್ಲ.

"ಬುಡ್ಬೇಡ ಕಣೇ, ಅದನ್ನೂ ತೆಗಿ" ಎಂದರು ಬೆನ್ನ ಹಿಂದಿನಿಂದ.

ನಾನು ತಿರುಗಲಿಲ್ಲ. ಗ್ರೈಂಡರ್ ಆಫ್ ಮಾಡಿದೆ. ನಂಬರು ನೋಡಿ ಮೆಗ್ನೀಸಿಯಂ ಕಡ್ಡಿ ಆರಿಸಿ, ನಂಬರಿನ ತುದಿಯನ್ನು ಕೈಯಲ್ಲಿಟ್ಟುಕೊಂಡೇ ಬೆಸೆದೆ.

ರೇಲಿಂಗ್ ಅನೊಡೈಸಿಂಗ್ ಮುಗಿಸಿಕೊಂಡು ಬಂದ ದಿನ ಕುಣಿಗಲ್‌ನವರು ಮೂಲೆ ಸವರಿ, "ಎಲ್ಲಿತ್ತು ಅಂತ್ಲೇ ಗೊತ್ತಾಗಲ್ಲ ಮೇಡಂ" ಎಂದು ಖುಷಿಪಟ್ಟರು. ಗಾಡಿಗೆ ಹಗ್ಗ ಬಿಗಿಯುವ ನೆಪದಲ್ಲಿ ನಾನು ಬಗ್ಗಿ ಅಡಿಯಿಂದ ನೋಡಿದೆ. ಹೆಸರುಕಾಳಿನಷ್ಟು ಕಪ್ಪು. ನಮ್ಮ ಯಜಮಾನರು ಅಲ್ಲೇ ಇದ್ದರು.